ಆರನೇ ಬಣ್ಣದ ಕೆಳಗೆ

ಹಸಿರು ಬಣ್ಣ ಎರಡೇ ದಿನದ್ದು. ಚಾಕುವಿನ ತುದಿಗೆ ಮೆತ್ತಗೆ ಸುಲಿದು ಬಂತು. ಅದರ ಕೆಳಗೆ ಹಳದಿ ಇತ್ತು.

“ಹಳದಿ ಹೋದ ವರ್ಷದ್ದು,” ಅಂದರು ಲೀಸ್ಬೆತ್. ಮೊಣಕೈಯಲ್ಲಿ ಫೋಟೋ ಆಲ್ಬಂ ಒತ್ತಿ ಹಿಡಿದಿದ್ದರು. “ಜರ್ಮನಿಯ ಸಭೆಯವರು ಬಳಿದಿದ್ದು. ಒಬ್ಬ ಏಣಿಯಿಂದ ಬಿದ್ದ. ದೇವರ ದಯೆ, ಬಕೆಟ್ ಮೇಲೆ ಬಿದ್ದ.”

“ಅದರ ಕೆಳಗೆ?”

“ಆಕಾಶನೀಲಿ. ಸ್ಕಾಟ್ಲೆಂಡಿನವರದು. ವಾರವಿಡೀ ಮಳೆ. ಬಣ್ಣ ಒಣಗಲೇ ಇಲ್ಲ.”

ನೀಲಿಯ ಕೆಳಗೆ ಬಿಳಿ, ಬಿಳಿಯ ಕೆಳಗೆ ಗುಲಾಬಿ. ಈ ಅನಾಥಾಲಯಕ್ಕೆ ಪ್ರತಿ ಜುಲೈನಲ್ಲೂ ಯಾವುದಾದರೂ ದೇಶದಿಂದ ಒಂದು ಮಿಷನರಿ ತಂಡ ಬರುತ್ತದೆ. ಮಕ್ಕಳಿಗೆ ಹಾಡು ಕಲಿಸುತ್ತದೆ, ಬೈಬಲ್ ಕತೆ ಹೇಳುತ್ತದೆ, ಈ ಪಡಸಾಲೆಯ ಗೋಡೆಗೆ ಬಣ್ಣ ಬಳಿಯುತ್ತದೆ, ಗೋಡೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತದೆ. ಮುಂದಿನ ವರ್ಷದ ತಂಡಕ್ಕೂ ಬಳಿಯಲು ಅದೇ ಗೋಡೆ ಸಿಗುತ್ತದೆ.

ಸ್ಮರಾಂದಾ ಎಂಬ ಹತ್ತು ವರ್ಷದ ಹುಡುಗಿಯ ಕಡತವನ್ನು ಡಚ್ ಮಿಷನರಿ ಲೀಸ್ಬೆತ್ ಕದ್ದರು ಎಂದು ಇಲ್ಲಿನ ನಿರ್ದೇಶಕಿ ಕೊಟ್ಟ ದೂರು ನನ್ನ ಜೇಬಿನಲ್ಲಿತ್ತು. ಶುಕ್ರವಾರದೊಳಗೆ ಕಡತ ಸಿಗದಿದ್ದರೆ ಆ ಹುಡುಗಿ ದಿಕ್ಕಿಲ್ಲದವಳೆಂದು ದಾಖಲಾಗಿ, ಬೆಟ್ಟದಾಚೆ ಇರುವ ಬುದ್ಧಿಮಾಂದ್ಯರ ಆಶ್ರಮಕ್ಕೆ ಹೋಗುತ್ತಾಳೆ. ಅವಳ ಬುದ್ಧಿಗೆ ಏನೂ ಆಗಿಲ್ಲ. ಎಡಗಿವಿ ಕೇಳಿಸುವುದಿಲ್ಲ, ಅಷ್ಟೆ. ಅವಳ ಚಿಕ್ಕಮ್ಮ ತಾನೇ ಎಂದು ಹೇಳುವ ಪರಸ್ಕೀವಾ ಎಂಬ ಹೆಂಗಸು ಮೂರು ದಿನದಿಂದ ನಮ್ಮ ಠಾಣೆಯ ಬೆಂಚಿನ ಮೇಲೆ ಕೂತಿದ್ದಾಳೆ. ಕಡತದ ಮೊದಲ ಪುಟದಲ್ಲಿ ತಾಯಿಯ ಹೆಸರು ಇರುತ್ತದೆ. ಅವಳ ಮಾತಿಗೆ ಬೇರೆ ಸಾಕ್ಷಿ ಇಲ್ಲ.

ಇವತ್ತು ಬುಧವಾರ.

“ಇನ್ಸ್‌ಪೆಕ್ಟರ್ರೇ!”

ಪಡಸಾಲೆಯ ಆ ತುದಿಯಿಂದ ನಿರ್ದೇಶಕಿ ಎವ್ಜೇನಿಯಾ ಚೆರ್ನಾತ್ ಬರುತ್ತಿದ್ದರು. ಹಿಮ್ಮಡಿಯ ಸದ್ದು ಮೊದಲು ಬಂತು, ಅವರು ಆಮೇಲೆ.

“ಸೋಮವಾರವಷ್ಟೇ ಬಳಿದ ಗೋಡೆ ಅದು. ಇಲ್ಲಿ ಬೆಳೆದವರಿಗೆ ಇದನ್ನ ಕೆರೆಯೋ ಹಕ್ಕು ಏನಾದ್ರೂ ಇದೆಯೋ?”

“ಚಿಕ್ಕವನಿದ್ದಾಗ ಉಗುರಲ್ಲಿ ಕೆರೀತಿದ್ದೆ ಮೇಡಂ. ಈಗ ಸರ್ಕಾರ ಚಾಕು ಕೊಟ್ಟಿದೆ.”

ಅವರು ನಗಲಿಲ್ಲ. ಕೈಗಡಿಯಾರ ನೋಡಿಕೊಂಡರು.

ನಾನು ಗುಲಾಬಿಯನ್ನು ಸುಲಿದೆ. ಕೆಳಗೆ ಕಂದು ಬಣ್ಣ ಬಂತು. ಆರನೆಯದು.

“ಎರಡು ಸಾವಿರದ ಒಂದು,” ಅಂದರು ಲೀಸ್ಬೆತ್, ಆಲ್ಬಂ ತೆರೆದು. “ನಮ್ಮ ಊರಿನ ತಂಡ. ಅಂಗಡೀಲಿ ಉಳಿದಿದ್ದ ಬಣ್ಣ ಅದೊಂದೇ.”

ನನ್ನನ್ನು ಈ ಗೋಡೆಗೆ ಕರೆತಂದದ್ದು ಆ ವರ್ಷದ ಫೋಟೋ. ಹನ್ನೊಂದು ಜನ ಡಚ್ಚರು ಸಾಲಾಗಿ ನಿಂತು ಹಲ್ಲು ಬಿಟ್ಟಿದ್ದಾರೆ. ಬಲತುದಿಯಲ್ಲಿ, ಫೋಟೋಗೆ ಸಿಕ್ಕಿಬಿದ್ದಂತೆ, ಅಡುಗೆಯ ಸವೇತಾ. ಕೈಯಲ್ಲಿ ಬ್ರಷ್ಷು.

ಸವೇತಾ ನಲವತ್ತು ವರ್ಷದಲ್ಲಿ ಒಲೆ ಬಿಟ್ಟು ಹೊರಗೆ ಬಂದದ್ದನ್ನು ಯಾರೂ ಕಂಡಿಲ್ಲ. “ಮತ್ತೆ ಗೋಡೆಯಾ? ಸೂರು ಸೋರ್ತಿದೆ, ಅದನ್ನ ನೋಡ್ರಪ್ಪಾ,” ಎಂದು ಪ್ರತಿ ತಂಡಕ್ಕೂ ಸೌಟು ತೋರಿಸಿ ಬೈದವಳು. ಅವಳು ಬ್ರಷ್ಷು ಹಿಡಿದಿದ್ದಾಳೆ ಎಂದರೆ ಕಾರಣ ಇರಬೇಕು.

ಅವಳು ನಿಂತಿದ್ದ ಜಾಗ ನನಗೆ ಗೊತ್ತು. ಅಲ್ಲಿ ಮಂಡಿಯ ಎತ್ತರಕ್ಕೆ ಒಂದು ತಗಡಿನ ಬಾಗಿಲಿತ್ತು. ಹಳೆಯ ಒಲೆಯ ಮಸಿ ತೆಗೆಯುವ ಗೂಡು. ಚಳಿಗಾಲದಲ್ಲಿ ಅದಕ್ಕೆ ಬೆನ್ನು ಕೊಟ್ಟು ಕೂರಲು ನಾವು ಹುಡುಗರು ಹೊಡೆದಾಡುತ್ತಿದ್ದೆವು. ಆಮೇಲೆ ಬಿಸಿನೀರಿನ ಕೊಳವೆಗಳು ಬಂದವು, ಒಲೆ ಆರಿತು, ಗೂಡು ಎಲ್ಲರಿಗೂ ಮರೆತುಹೋಯಿತು.

ಚಾಕುವನ್ನು ಅಡ್ಡಕ್ಕೆ ಎಳೆದೆ. ಒಂದು ಸಂದಿ ಕಂಡಿತು. ಆರು ಬಣ್ಣವೂ ಅದರ ಮೇಲೆ ಒಡೆಯದೆ ಹಾದುಹೋಗಿದ್ದವು. ಕಂದು ಬಣ್ಣ ಸಂದಿಯೊಳಗೆ ದಪ್ಪಗೆ ಇಳಿದು ಅಂಟಿನಂತೆ ಗಟ್ಟಿಯಾಗಿತ್ತು. ಅದಕ್ಕೂ ಹಳೆಯ ಬೂದು ಬಣ್ಣ ಮಾತ್ರ ಸಂದಿಯ ಅಂಚಿಗೆ ನಿಂತಿತ್ತು.

“ಮೇಡಂ, ಸ್ಮರಾಂದಾಳ ಕಡತವನ್ನ ಕೊನೇ ಸಲ ಎಲ್ಲಿ ನೋಡಿದ್ರಿ?”

“ಬರೆದುಕೊಟ್ಟಿದೀನಲ್ಲ. ಈ ಈಸ್ಟರ್‌ನಲ್ಲಿ. ನನ್ನ ಕಪಾಟಿನಲ್ಲಿ. ಆಮೇಲೆ ಜೂನ್‌ನಲ್ಲಿ ಈಯಮ್ಮ ಬಂದ್ರು, ಕಡತ ಹೋಯ್ತು.”

“ಕಣ್ಣಾರೆ ನೋಡಿದ್ರಾ?”

“ಕೈಯಾರೆ ಧೂಳು ಒರೆಸಿದೆ.”

ಅದನ್ನು ನನ್ನ ಪುಸ್ತಕದಲ್ಲಿ ಬರೆದುಕೊಂಡು, ಗಂಟೆ ಹಾಕಿ, ಅವರಿಂದ ರುಜು ತೆಗೆದುಕೊಂಡೆ. ಹತ್ತು ಗಂಟೆ ನಲವತ್ತು ನಿಮಿಷ. ಆಮೇಲೆ ಸಂದಿಗೆ ಚಾಕು ತುರುಕಿ ಮೀಟಿದೆ.

ಬಾಗಿಲು ಬಣ್ಣದ ಹಕ್ಕಳೆಗಳ ಸಮೇತ ಕಿತ್ತು ಬಂತು. ಒಳಗೆ ಹಿಟ್ಟಿನ ಚೀಲದ ಬಟ್ಟೆಯಲ್ಲಿ ಸುತ್ತಿದ ಒಂದು ಕಡತದ ಕಟ್ಟು. ಬಟ್ಟೆಗೆ ಹಾಕಿದ್ದು ಬ್ರೆಡ್ಡಿನ ಬುಟ್ಟಿಗೆ ಹಾಕುವ ಗಂಟು. ಆ ಗಂಟು ಈ ಮನೆಯಲ್ಲಿ ಒಬ್ಬರದೇ.

ಚೆರ್ನಾತ್ ಗೋಡೆಗೆ ಕೈ ಕೊಟ್ಟರು. ಅಂಗೈ ಹಸಿರಾಯಿತು.

“ಐದು ವರ್ಷದಿಂದ ಈ ಗೋಡೆಯೊಳಗಿದೆ ಮೇಡಂ,” ಅಂದೆ. “ಈಸ್ಟರ್‌ನಲ್ಲಿ ನೀವು ಯಾವುದರ ಧೂಳು ಒರೆಸಿದ್ರಿ?”

ಅವರು ಹಸಿರು ಅಂಗೈಯನ್ನು ಕರವಸ್ತ್ರಕ್ಕೆ ಒರೆಸಿದರು. ಗಡಿಯಾರ ನೋಡಿಕೊಂಡರು. ಎರಡನೇ ಸಲ.

*

ಕಟ್ಟನ್ನು ನಿರ್ದೇಶಕಿಯ ಕೋಣೆಯ ಮೇಜಿನ ಮೇಲೆ ಬಿಚ್ಚಿದೆ. ಕಿಟಕಿಯಾಚೆ ಅಂಗಳದಲ್ಲಿ ಈ ವರ್ಷದ ತಂಡದವರು ಬೇಲಿಗೆ ಬಣ್ಣ ಬಳಿಯುತ್ತಿದ್ದರು. ಮೂವತ್ತು ಜನ. ಎಲ್ಲರಿಗೂ ಒಂದೇ ಕಿತ್ತಳೆ ಅಂಗಿ, ಬೆನ್ನ ಮೇಲೆ ಬಿಳಿ ಪಾರಿವಾಳ. ಮಕ್ಕಳು ಅವರ ಕಾಲಿಗೆ ಸಿಕ್ಕಿಕೊಂಡು ಹಾಡುತ್ತಿದ್ದರು.

ಏಳು ಮಕ್ಕಳ ಕಡತ. ಹದಿನಾಲ್ಕು ಹಾಳೆ. ನಮ್ಮ ಕಚೇರಿಗಳ ಪದ್ಧತಿಯಂತೆ ಎಲ್ಲವಕ್ಕೂ ಅಂಕಿ ಹಾಕಿ, ಅಂಚಿನಲ್ಲಿ ತೂತು ಮಾಡಿ, ಒಂದೇ ದಾರದಲ್ಲಿ ಹೊಲಿದು, ದಾರದ ತುದಿಗೆ ಅರಗಿನ ಮುದ್ರೆ ಒತ್ತಲಾಗಿತ್ತು. ದಾರ ಕತ್ತರಿಸಿದ ಹಾಳೆಯನ್ನು ನಮ್ಮ ನ್ಯಾಯಾಧೀಶರು ಕೈಯಲ್ಲೂ ಮುಟ್ಟುವುದಿಲ್ಲ.

ಪ್ರತಿ ಮಗುವಿಗೂ ಎರಡು ಹಾಳೆ. ಮೊದಲನೆಯದರಲ್ಲಿ ತಾಯಿಯ ಹೆಸರು, ಊರು, ನೆಂಟರು. ಎರಡನೆಯದರಲ್ಲಿ ಒಂದೇ ವಾಕ್ಯ: ಈ ಮಗುವಿಗೆ ಲೋಕದಲ್ಲಿ ಯಾರೂ ಇಲ್ಲ, ವಿದೇಶಕ್ಕೆ ದತ್ತು ಕೊಡಬಹುದು. ಕೆಳಗೆ ಸಾಕ್ಷಿಯ ಸಹಿ.

ಎರಡು ಹಾಳೆಯೂ ಒಂದೇ ದಾರದಲ್ಲಿ, ಬೆನ್ನಿಗೆ ಬೆನ್ನು. ಮೊದಲ ಹಾಳೆಯಲ್ಲಿ ಅಜ್ಜಿ ಇದ್ದಾಳೆ. ತಿರುಗಿಸಿದರೆ ಯಾರೂ ಇಲ್ಲ.

ಹದಿಮೂರನೇ ಹಾಳೆ ಸ್ಮರಾಂದಾಳದು. ತಾಯಿ, ಮೃತ. ತಾಯಿಯ ತಂಗಿ: ಪರಸ್ಕೀವಾ. ಠಾಣೆಯ ಬೆಂಚಿನ ಮೇಲೆ ಕೂತ ಹೆಂಗಸು ಹೇಳಿದ್ದೆಲ್ಲ ನಿಜ. ಹದಿನಾಲ್ಕನೇ ಹಾಳೆಯಲ್ಲಿ ಅದೇ ವಾಕ್ಯ, ತಾರೀಖು ಜುಲೈ ೨೦೦೧. ಸಹಿಯ ಜಾಗ ಖಾಲಿ.

“ಸ್ತೋತ್ರ, ಕರ್ತನೇ,” ಅಂದರು ಲೀಸ್ಬೆತ್. “ಮಗು ಉಳೀತು.”

“ಇನ್ನೂ ಇಲ್ಲ,” ಅಂದೆ.

ಉಳಿದ ಆರು ಮಕ್ಕಳ ಎರಡನೇ ಹಾಳೆಗಳಲ್ಲಿ ಸಾಕ್ಷಿಯ ಸಹಿ ಇತ್ತು. ಒಂದೇ ಕೈ. ಉದ್ದನೆಯ ಹೆಸರು, ಕೆಳಗೆ ಒಂದೇ ಗೆರೆಯಲ್ಲಿ ಎಳೆದ ಪುಟ್ಟ ಮೀನು.

ಆ ಮೀನನ್ನು ನಾನು ನನ್ನ ಹದಿಮೂರನೇ ಹುಟ್ಟುಹಬ್ಬದ ಕಾರ್ಡಿನಲ್ಲಿ ನೋಡಿದ್ದೇನೆ. ಅಲ್ಲಿಂದ ಪ್ರತಿ ಕಾರ್ಡಿನಲ್ಲೂ ನೋಡಿದ್ದೇನೆ.

ಕಟ್ಟನ್ನು ಲೀಸ್ಬೆತ್ ಕಡೆ ತಿರುಗಿಸಿದೆ. ಅವರು ಕನ್ನಡಕ ಏರಿಸಿ ಒಂದೊಂದಾಗಿ ನೋಡಿದರು. ಆತುರಪಡಲಿಲ್ಲ.

“ನನ್ನ ಸಹಿ ತರಾನೇ ಇದೆ, ಒಕ್ತಾವ್.”

“ನೀವು ಮಾಡಿದ್ದಾ?”

“ಗೊತ್ತಿಲ್ಲ. ಮೊದಮೊದಲು ನನಗೆ ನಿಮ್ಮ ಭಾಷೆ ಓದೋಕೆ ಬರ್ತಿರಲಿಲ್ಲ. ಕಂಬಳಿ ಬಂತು, ಸಹಿ ಮಾಡಿ. ಔಷಧಿ ಬಂತು, ಸಹಿ ಮಾಡಿ. ಮಕ್ಕಳಿಗೆ ಒಳ್ಳೇದಾಗುತ್ತೆ ಅಂದ್ರು, ಮಾಡ್ದೆ. ಓದದೇ ಮಾಡ್ದೆ.” ಕನ್ನಡಕ ತೆಗೆದರು. “ನೀನು ಇನ್ನೂ ಹುಡುಗ ಆಗ. ನಿನ್ನನ್ನ ಕೇಳಬಹುದಿತ್ತು, ಏನು ಬರೆದಿದೆ ಓದಪ್ಪಾ ಅಂತ. ಕೇಳಲಿಲ್ಲ.”

ಚೆರ್ನಾತ್ ಮೇಜಿನ ಸೆಳೆಖಾನೆ ಎಳೆದರು. ಒಂದು ಕತ್ತರಿ ತೆಗೆದು ನನ್ನ ಮುಂದಿಟ್ಟರು. ಅವರ ದನಿ ಈಗ ಮೆತ್ತಗಾಗಿತ್ತು.

“ಯೋಚನೆ ಮಾಡಪ್ಪಾ ಒಕ್ತಾವ್. ನೀನು ಈ ಮನೇ ಮಗ. ದಾರ ಕತ್ತರಿಸು. ಆ ಹುಡುಗಿ ಎರಡು ಹಾಳೆ ನೀನು ತಗೋ. ಮುದ್ರೆ ನನ್ನ ಹತ್ರ ಇದೆ, ಈಗಲೇ ಹೊಸದಾಗಿ ಹೊಲಿದು ಒತ್ತಿ ಕೊಡ್ತೀನಿ. ಹುಡುಗಿ ಚಿಕ್ಕಮ್ಮನ ಮನೆಗೆ. ಈಯಮ್ಮ ತಮ್ಮ ದೇಶಕ್ಕೆ. ಉಳಿದದ್ದು ಒಲೆಗೆ.”

“ಉಳಿದದ್ದು ಆರು ಮಕ್ಕಳು.”

“ಆರು ಮಕ್ಕಳು ಎಲ್ಲೋ ಹೊಟ್ಟೆ ತುಂಬಾ ಉಂಡು ಚೆನ್ನಾಗಿದಾರೆ. ಈಯಮ್ಮನಿಗೆ ಅರವತ್ನಾಲ್ಕು. ಆರು ಸುಳ್ಳು ಸಾಕ್ಷಿಗೆ ಎಷ್ಟು ವರ್ಷ, ನಿನಗೇ ಚೆನ್ನಾಗಿ ಗೊತ್ತು. ಈಕೆ ಇಲ್ಲದಿದ್ರೆ ನೀನು ಇವತ್ತು ಏನಾಗಿರ್ತಿದ್ದೆ?”

ಪ್ರಶ್ನೆ ಸರಿಯಾಗಿತ್ತು. ಉತ್ತರ ನನಗೆ ಗೊತ್ತಿತ್ತು.

ಹದಿನಾರು ವರ್ಷದ ಹಿಂದಿನ ಚಳಿಗಾಲ. ನನಗೆ ಹನ್ನೆರಡು, ಒಂದಕ್ಷರ ಬರುತ್ತಿರಲಿಲ್ಲ. ಕಲಿಯಲಾಗದವನು ಎಂದು ನನ್ನ ಹಾಸಿಗೆಗೆ ಚೀಟಿ ಅಂಟಿಸಿದ್ದರಂತೆ. ಚೀಟಿಯಲ್ಲೇನಿದೆ ಎಂದು ಓದಲೂ ನನಗೆ ಬರುತ್ತಿರಲಿಲ್ಲ. ಮಂಜಿನಲ್ಲಿ ಸಿಕ್ಕಿಬಿದ್ದ ಲಾರಿಯಿಂದ ಇಳಿದ ಈ ಎತ್ತರದ ಹೆಂಗಸಿಗೆ ನಮ್ಮ ಭಾಷೆಯ ನಾಲ್ಕು ಮಾತು ಬರುತ್ತಿತ್ತು. ಅವರ ಡಬ್ಬಿಗಳಲ್ಲಿ ಅಕ್ಷರದ ಆಕಾರದ ಶಾವಿಗೆ ಇತ್ತು. ಸವೇತಾ ಅದನ್ನು ಸಾರಿಗೆ ಹಾಕಿದಳು. ಲೀಸ್ಬೆತ್ ನನ್ನ ತಟ್ಟೆಯಿಂದ ಐದು ಶಾವಿಗೆ ಹೆಕ್ಕಿ ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟರು. ಮೊದಲನೆಯದು ಉಂಗುರದ ಹಾಗೆ ದುಂಡಗಿತ್ತು. ನನ್ನ ಎದೆ ಮುಟ್ಟಿ, ಶಾವಿಗೆ ಮುಟ್ಟಿ, “ಒಕ್ತಾವ್,” ಅಂದರು.

ನನ್ನ ಹೆಸರನ್ನು ಮೊದಲು ಓದಿದೆ. ಆಮೇಲೆ ತಿಂದೆ. ವಸಂತದ ಹೊತ್ತಿಗೆ ಹಾಸಿಗೆಯ ಚೀಟಿಯನ್ನು ನಾನೇ ಓದಿ, ನಾನೇ ಹರಿದೆ.

ಕತ್ತರಿ ಮೇಜಿನ ಮೇಲಿತ್ತು. ನಾನು ಅದರ ಮೇಲೆ ಕೈ ಇಟ್ಟೆ. ಇಟ್ಟದ್ದು ನಿಜ; ಬರೆಯದೆ ಬಿಟ್ಟರೆ ಈ ವರದಿ ಪೂರ್ತಿಯಾಗುವುದಿಲ್ಲ.

“ಒಕ್ತಾವ್,” ಅಂದರು ಲೀಸ್ಬೆತ್. “ಮೂರನೇ ಹಾಳೆ ಓದು. ಜೋರಾಗಿ.”

“ತಾಂತಿ...” ನಮ್ಮಲ್ಲಿ ದೊಡ್ಡ ಹೆಂಗಸರನ್ನು ಕರೆಯುವ ಮಾತು ಅದು. ಹದಿನಾರು ವರ್ಷದಿಂದ ಅವರನ್ನು ಹಾಗೇ ಕರೆದಿದ್ದೇನೆ.

“ಓದೋದು ಕಲಿಸಿದ್ದು ನಾನೇ ತಾನೇ? ಓದು.”

ಓದಿದೆ. “ಹೆಸರು, ಯೊನುತ್ಸ್. ವಯಸ್ಸು ಎರಡು. ಅಜ್ಜಿ ಬದುಕಿದ್ದಾರೆ. ಪ್ರತಿ ಭಾನುವಾರ ಬಂದು ನೋಡುತ್ತಾರೆ.”

“ಪ್ರತಿ ಭಾನುವಾರ ಬರೋ ಅಜ್ಜಿ,” ಅಂದರು ಲೀಸ್ಬೆತ್. “ಅವರು ಒಂದು ಭಾನುವಾರ ಬಂದಾಗ ಏನು ಹೇಳಿರ್ತಾರೆ ಇಲ್ಲಿ? ನನಗೆ ಜೈಲಾದ್ರೆ ಜೈಲಲ್ಲೂ ದೇವರಿದ್ದಾನೆ. ಕತ್ತರಿ ಆಯಮ್ಮನಿಗೆ ವಾಪಸ್ ಕೊಡು.”

ನಾನು ಕತ್ತರಿಯನ್ನು ಚೆರ್ನಾತ್ ಕಡೆ ತಳ್ಳಿದೆ. ಕಟ್ಟನ್ನು ನನ್ನ ಚೀಲಕ್ಕೆ ಹಾಕಿದೆ. ಆಮೇಲೆ ಎದ್ದು ನಿಂತು, ನನ್ನ ಜೀವನದಲ್ಲಿ ಮೊದಲ ಸಲ, ಅವರನ್ನು ಅಡ್ಡಹೆಸರು ಹಿಡಿದು ಕರೆದೆ.

“ಶ್ರೀಮತಿ ಹೋಕ್ಸ್ಟ್ರಾ, ನಿಮ್ಮ ಪಾಸ್‌ಪೋರ್ಟ್ ಕೊಡಬೇಕಾಗುತ್ತೆ.”

ಅವರು ಚೀಲ ತೆರೆದು ಕೊಟ್ಟರು. ಕೊಡುವಾಗ ನನ್ನ ಕೈಯನ್ನು ಎರಡು ಸಲ ತಟ್ಟಿದರು, ಲೆಕ್ಕ ಸರಿ ಮಾಡಿದ ಹುಡುಗನಿಗೆ ತಟ್ಟುವ ಹಾಗೆ.

“ಪ್ರಾಸಿಕ್ಯೂಟರಿಗೆ ಈಗಲೇ ಫೋನ್ ಮಾಡ್ತೀನಿ,” ಅಂದೆ. “ಸ್ಮರಾಂದಾಳನ್ನ ಶುಕ್ರವಾರ ಯಾರೂ ಎಲ್ಲಿಗೂ ಕರ್ಕೊಂಡು ಹೋಗೋ ಹಾಗಿಲ್ಲ.”

ಚೆರ್ನಾತ್ ಮೂರನೇ ಸಲ ಗಡಿಯಾರ ನೋಡಿಕೊಂಡರು. ಈ ಸಲ ಮುಗುಳ್ನಕ್ಕರು.

“ಶುಕ್ರವಾರ ಅಂತ ನಿಮಗೆ ಹೇಳಿದ್ದು ನಾನೇ ಅಲ್ವಾ? ಇವತ್ತು ಹನ್ನೊಂದಕ್ಕೇ ವ್ಯಾನಿಗೆ ಬರೋಕೆ ಹೇಳಿದ್ದೆ. ಕಾಗದ ಅಂಚೆಯಲ್ಲಿ ಹೋಗುತ್ತೆ ಇನ್ಸ್‌ಪೆಕ್ಟರ್ರೇ. ವ್ಯಾನು ರಸ್ತೇಲಿ ಹೋಗುತ್ತೆ. ಯಾವುದು ಮೊದಲು ತಲುಪುತ್ತೆ?”

ಗೋಡೆಯ ಗಡಿಯಾರ ಹನ್ನೊಂದೂ ಇಪ್ಪತ್ತೈದು ತೋರಿಸುತ್ತಿತ್ತು.

*

ಓಡಿದೆ. ಪಡಸಾಲೆ, ಮೆಟ್ಟಿಲು, ಅಂಗಳ. ನನ್ನ ಹಿಂದೆ ಲೀಸ್ಬೆತ್, ಅವರ ಹಿಂದೆ ಚೆರ್ನಾತರ ಹಿಮ್ಮಡಿ.

ಬೂದು ಬಣ್ಣದ ವ್ಯಾನು ಮುಖ್ಯ ಗೇಟಿನ ಒಳಗೇ ನಿಂತು ಹಾರನ್ ಬಾರಿಸುತ್ತಿತ್ತು. ಗೇಟಿನ ಎರಡು ಬಾಗಿಲೂ ಮುಚ್ಚಿದ್ದವು. ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು, ನೆಲದ ಮೇಲೆ ಕಾಲು ಚಾಚಿ ಕೂತಿದ್ದವಳು ಸವೇತಾ. ಮಡಿಲ ತುಂಬ ಆಲೂಗಡ್ಡೆ. ಸಿಪ್ಪೆ ತೆಗೆಯುತ್ತಿದ್ದಳು.

“ಏಳಮ್ಮಾ ತಾಯಿ!” ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಕೂಗುತ್ತಿದ್ದ. “ನನಗೆ ಇನ್ನೂರು ಕಿಲೋಮೀಟರ್ ಹೋಗ್ಬೇಕು!”

“ನನಗೆ ಇನ್ನೂರು ಆಲೂಗಡ್ಡೆ ಹೆರೀಬೇಕು,” ಅಂದಳು ಸವೇತಾ. “ನೆರಳು ಇಲ್ಲೇ ಚೆನ್ನಾಗಿದೆ.”

ನನ್ನನ್ನೂ ನನ್ನ ಚೀಲದಿಂದ ಇಣುಕುತ್ತಿದ್ದ ಹಿಟ್ಟಿನ ಬಟ್ಟೆಯನ್ನೂ ನೋಡಿದಳು. ಚಾಕು ನಿಂತಿತು.

“ಸಿಕ್ತಾ?”

“ಸಿಕ್ತು ತಾಂತಿ ಸವೇತಾ. ಐದು ವರ್ಷ ಯಾಕೆ ಹೇಳಲಿಲ್ಲ?”

“ಅದರಲ್ಲಿ ಏನಿದೆ ಅಂತ ನನಗೇ ಗೊತ್ತಿರಲಿಲ್ವಲ್ಲೋ. ನನಗೆ ಓದೋಕೆ ಬರುತ್ತಾ? ಆ ಕಟ್ಟು ಆಯಮ್ಮನ ಮೇಜಿನ ಮೇಲೆ ಬಂದಾಗೆಲ್ಲಾ ಊಟಕ್ಕೆ ಒಂದು ತಟ್ಟೆ ಕಮ್ಮಿ ಆಗ್ತಿತ್ತು. ಆರು ಸಲ ಆಯ್ತು. ಏಳನೇ ಸಲ ಕಟ್ಟು ಬಂದಾಗ ಆಯಮ್ಮ ಆಸ್ಪತ್ರೆಗೆ ಹೋಗಿದ್ಲು, ನಾನು ಎತ್ತಿ ಗೂಡಿಗಿಟ್ಟೆ. ಇವರು ಬಣ್ಣ ಬಳೀತಿದ್ರು, ನಾನೂ ಬಳಿದೆ.” ಕಿತ್ತಳೆ ಅಂಗಿಗಳ ಕಡೆ ಚಾಕು ತೋರಿಸಿದಳು. “ಪುಣ್ಯಾತ್ಮರು. ಪ್ರತಿ ವರ್ಷ ಬಂದು ಅದರ ಮೇಲೆ ಇನ್ನೊಂದು ಕೈ ಬಳಿದು ಹೋದ್ರು. ಬಾಯಲ್ಲಿ ಬೈತಾನೇ ಇದ್ದೆ. ಮನಸ್ಸಲ್ಲಿ ಕೈ ಮುಗೀತಿದ್ದೆ.”

ಲೀಸ್ಬೆತ್ ಅವಳ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಲೀಸ್ಬೆತ್ ಒಂದು ಆಲೂಗಡ್ಡೆ ಎತ್ತಿಕೊಂಡರು.

ಇವರಿಬ್ಬರು ಸಾಕಿದ ಮಗ ನಾನು. ಒಬ್ಬರು ಸಾರು ಮಾಡಿದರು, ಒಬ್ಬರು ಅದರಲ್ಲಿ ಅಕ್ಷರ ಹುಡುಕಿದರು. ಅಷ್ಟನ್ನು ಮನಸ್ಸಿನಲ್ಲಿ ಹೇಳಿಕೊಂಡು ವ್ಯಾನಿನ ಹಿಂಬಾಗಿಲು ತೆರೆದೆ.

ಖಾಲಿ.

ಒಂದು ಸೀಟಿನ ಮೇಲೆ ಅರ್ಧ ತಿಂದ ಏಪ್ರಿಕಾಟ್ ಹಣ್ಣು ಇತ್ತು. ಸ್ಮರಾಂದಾ ಇರಲಿಲ್ಲ.

“ಹುಡುಗಿ ಎಲ್ಲಿ?” ಅಂದೆ.

“ಇಳಿಸಿಕೊಂಡು ಹೋದ್ರಲ್ಲ,” ಅಂದ ಡ್ರೈವರ್. “ಈಯಜ್ಜಿ ಗೇಟು ಹಾಕೋಕೆ ಸ್ವಲ್ಪ ಮುಂಚೆ. ಹುಡುಗಿಗೆ ಏನೋ ತಪಾಸಣೆ ಬಾಕಿ ಇದೆ, ಇವತ್ತು ಕಳಿಸಲ್ಲ ಅಂದ್ರು. ಖಾಲಿ ಗಾಡಿ ತಗೊಂಡು ಹೊರಟಿದ್ದೆ ನಾನು.”

ನಾನು ಚೆರ್ನಾತ್ ಮುಖ ನೋಡಿದೆ. ಮುಗುಳ್ನಗೆ ಅಲ್ಲಿರಲಿಲ್ಲ. ತುಟಿ ಬಿಳುಚಿತ್ತು. ಈ ಸುದ್ದಿ ಅವರಿಗೂ ಹೊಸದು.

“ಯಾರು ಇಳಿಸಿಕೊಂಡ್ರು?”

“ಮಿಷನ್ನಿನವರು. ಹೆಂಗಸು. ಕಿತ್ತಳೆ ಅಂಗಿ.”

ಸವೇತಾಳ ಮಡಿಲಿಂದ ಆಲೂಗಡ್ಡೆಗಳು ಉರುಳಿದವು. “ಅಯ್ಯೋ, ನನ್ನ ಮುಂದೇನೇ ಹೋದ್ರು ಕಣೋ. ಮಗು ಕೈ ಹಿಡ್ಕೊಂಡು. ವ್ಯಾನಿಂದ ಬಿಡಿಸಿಕೊಂಡ್ಲಲ್ಲ, ದೇವತೆ ಅಂದ್ಕೊಂಡೆ. ನಾನೇ ಗೇಟು ತೆಗೆದು ಬಿಟ್ಟು, ವ್ಯಾನು ಅವರ ಹಿಂದೆ ಹೋಗದಿರಲಿ ಅಂತ ಮತ್ತೆ ಹಾಕಿ ಕೂತೆ. ದೇವರು ನಿಮ್ಮನ್ನ ಚೆನ್ನಾಗಿಡ್ಲಿ ಅಂತ ಬೇರೆ ಹೇಳ್ದೆ.”

“ಮುಖ?”

“ಬಿಸಿಲಿನ ಟೋಪಿ ಹಾಕಿದ್ಲು. ಎಲ್ಲರೂ ಒಂದೇ ತರ ಕಾಣ್ತಾರಲ್ಲೋ!”

ಅಂಗಳದಲ್ಲಿ ಬ್ರಷ್ಷುಗಳು ನಿಂತಿದ್ದವು. ಹಾಡು ನಿಂತಿತ್ತು. ಕಿತ್ತಳೆ ಅಂಗಿಗಳನ್ನು ಎಣಿಸಿದೆ. ಇಪ್ಪತ್ತೊಂಬತ್ತು. ಮತ್ತೆ ಎಣಿಸಿದೆ. ಇಪ್ಪತ್ತೊಂಬತ್ತೇ.

“ನಾನೇನು ಸುಮ್ಮನೆ ಬಿಟ್ಟುಕೊಟ್ಟಿಲ್ಲ ಸಾರ್,” ಅಂದ ಡ್ರೈವರ್. “ಸಹಿ ತಗೊಂಡಿದೀನಿ.”

ಹಲಗೆಗೆ ಸಿಕ್ಕಿಸಿದ ಹಾಳೆಯನ್ನು ಕಿಟಕಿಯಿಂದ ಚಾಚಿದ. ಮಗುವನ್ನು ವಾಪಸ್ ಪಡೆದವರು, ಗಂಟೆ ಹನ್ನೊಂದೂ ಹತ್ತು. ಶಾಯಿ ಬೆರಳಿಗೆ ಹತ್ತಿತು.

ಉದ್ದನೆಯ ಹೆಸರು. ಲೀಸ್ಬೆತ್ ಹೋಕ್ಸ್ಟ್ರಾ. ಕೆಳಗೆ ಒಂದೇ ಗೆರೆಯಲ್ಲಿ ಎಳೆದ ಪುಟ್ಟ ಮೀನು.

ಹನ್ನೊಂದೂ ಹತ್ತಕ್ಕೆ ಲೀಸ್ಬೆತ್ ನನ್ನೆದುರು ಕೂತು ಕನ್ನಡಕ ಏರಿಸಿಕೊಂಡು ಆರು ಸಹಿಗಳನ್ನು ನೋಡುತ್ತಿದ್ದರು.